ನಗರ ಬೆಳವಣಿಗೆ, ಹೊಲ ಮತ್ತು ನೀರು: ನೌಬಾದ ಸೀಮೆಯ ಅಧ್ಯಯನ

ಊರು ದೊಡ್ಡದಾಗುತ್ತ ಹೋದಂತೆ ಅದರ ಅಂಚಿನ ಹೊಲಗಳಿಗೆ, ನೆಲದಡಿಯ ನೀರಿಗೆ, ಅಲ್ಲಿ ದುಡಿದು ಬದುಕುವವರಿಗೆ ಏನಾಗುತ್ತದೆ ಎಂಬುದನ್ನು ಅಳೆದು ನೋಡುವ ಅಧ್ಯಯನ ಶಾಖೆಗೆ ಒಂದೇ ಹೆಸರಿಲ್ಲ. ಭೂಗೋಳದವರು, ಜಲವಿಜ್ಞಾನಿಗಳು, ಕೃಷಿ ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ತಮ್ಮ ತಮ್ಮ ಕಡೆಯಿಂದ ಇದನ್ನು ಹಿಡಿಯುತ್ತಾರೆ. ಕರ್ನಾಟಕದಲ್ಲಿ ಈ ಬಗೆಯ ಸಂಶೋಧನೆ ಬಹುಪಾಲು ಬೆಂಗಳೂರಿನ ಸುತ್ತಲೇ ನಡೆದಿದೆ. ಆದರೆ ರಾಜ್ಯದ ಈಶಾನ್ಯ ತುದಿಯ ಬೀದರ್ ನಗರ, ಅದರಲ್ಲೂ ನಗರದ ವಾಯವ್ಯ ಅಂಚಿನಲ್ಲಿ ಭಾಲ್ಕಿ ರಸ್ತೆಯ ಮೇಲಿರುವ ನೌಬಾದ, ಈ ಪ್ರಶ್ನೆಯನ್ನು ಬೆಂಗಳೂರಿಗಿಂತ ಸ್ಪಷ್ಟವಾಗಿ ಮುಂದಿಡುತ್ತದೆ. ಹೊಲ, ನೀರು, ಊರು ಈ ಮೂರೂ ಇಲ್ಲಿ ಒಂದೇ ನೆಲದ ತುಂಡಿನಲ್ಲಿ ಕೂಡಿಕೊಂಡಿವೆ. ಹದಿನೈದನೆಯ ಶತಮಾನದ ನಗರ ತನ್ನ ನೀರನ್ನು ಹೊಂದಿಸಿಕೊಂಡ ಸುರಂಗವೂ ಇದೇ ನೆಲದಡಿಯಲ್ಲಿದೆ.

ನೆಲದ ರಚನೆ

ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಸುಮಾರು 35 ಕಿ.ಮೀ. ಉದ್ದ, ಅತಿ ಅಗಲವಾದ ಕಡೆ 19 ಕಿ.ಮೀ. ಅಗಲ, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 710 ಮೀಟರ್ ಎತ್ತರದ ಈ ಕೆಂಪು ಹಾಸು ಸುತ್ತಲಿನ ಕಪ್ಪು ಮಣ್ಣಿನ ಬಯಲಿನಿಂದ ಎದ್ದು ಕಾಣುತ್ತದೆ. ಕೋಟೆಯ ಉತ್ತರದ ಗೋಡೆಯ ಮೇಲೆ ನಿಂತರೆ ಕೆಳಗೆ ಮಾಂಜ್ರಾ ಕೊಳ್ಳದ ಎರೆ ಹೊಲಗಳು ಹರಡಿಕೊಂಡಿರುತ್ತವೆ. ಮೇಲೆ ಜಂಬಿಟ್ಟಿಗೆ, ಅದರಡಿ ಜಿಗುಟಾದ ಬಿಳಿ-ಹಳದಿ ಜೇಡಿ, ಅದಕ್ಕೂ ಕೆಳಗೆ ದಖನ್ನಿನ ಕಪ್ಪು ಬಸಾಲ್ಟ್. ಬಸಾಲ್ಟೇ ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಸವೆದು ಜಂಬಿಟ್ಟಿಗೆಯಾದದ್ದು. ಈ ಪದರಗಳು ಭೂವಿಜ್ಞಾನದಲ್ಲಿ ಜಗತ್ತಿಗೇ ಪರಿಚಿತ. ಬಂಡೆ ಸವೆಯುವಾಗ ಲಿಥಿಯಂ ಐಸೋಟೋಪುಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ತಿಳಿಯಲು 2004ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಆಧಾರವಾಗಿ ತೆಗೆದುಕೊಂಡದ್ದು ಬೀದರಿನ ಜಂಬಿಟ್ಟಿಗೆಯನ್ನೇ.

ನೀರಿನ ಮಟ್ಟಿಗೆ ಈ ರಚನೆ ಮಾಡುವ ಕೆಲಸ ಸರಳ. ಜಂಬಿಟ್ಟಿಗೆಯಲ್ಲಿ ತೂತುಗಳು ಹೆಚ್ಚು, ಬಿರುಕುಗಳು ಹೆಚ್ಚು. ಮೇಲೆ ಬಿದ್ದ ಮಳೆ ಒಳಗಿಳಿಯುತ್ತದೆ. ಕೆಳಗಿನ ಜೇಡಿ ಮತ್ತು ಗಟ್ಟಿ ಬಸಾಲ್ಟ್ ಅದನ್ನು ಅಲ್ಲೇ ತಡೆಯುತ್ತವೆ. ತಡೆದ ನೀರು ಅಡ್ಡಲಾಗಿ ಸರಿದು, ಪ್ರಸ್ಥಭೂಮಿಯ ಅಂಚು ಸಿಕ್ಕ ಕಡೆ ಝರಿಯಾಗಿ ಹೊರಬೀಳುತ್ತದೆ. ಗುರುದ್ವಾರದ ನಾನಕ ಝೀರಾ, ಸೊಂಟದೆತ್ತರದ ನೀರಿನಲ್ಲಿ ಭಕ್ತರು ನಡೆದುಹೋಗುವ ಝರಣಿ ನರಸಿಂಹ ಗುಹೆ, ಪಾಪನಾಶದ ಬುಗ್ಗೆ ಎಲ್ಲವೂ ಇದೇ ಅಂಚಿನ ಮಕ್ಕಳು. ಸಿಖ್ಖರಿಗೂ ವೈಷ್ಣವರಿಗೂ ಶೈವರಿಗೂ ಪವಿತ್ರವಾದ ಈ ಮೂರು ನೀರುಗಳ ತಾಯಿಬೇರು ಒಂದೇ: ಊರ ಮೇಲಿನ ಕೆಂಪು ನೆಲಕ್ಕೆ ಇಳಿಯುವ ಮಳೆ.

ಆದ್ದರಿಂದ ನೌಬಾದ ಸೀಮೆಯಲ್ಲಿ ಒಂದು ಎಕರೆ ಹೊಲ ಲೇಔಟ್ ಆದರೆ ಕಳೆದುಹೋಗುವುದು ತೊಗರಿಯ ಬೆಳೆ ಮಾತ್ರವಲ್ಲ. ಆ ಹೊಲ ಕೆಳಗಿನ ಬಾವಿಗಳಿಗೂ ಝರಿಗಳಿಗೂ ಮಳೆ ಇಳಿಸುವ ಬಾಯಿಯೂ ಹೌದು. ಹೊಲದ ಲೆಕ್ಕ ಕೃಷಿ ಇಲಾಖೆಯಲ್ಲಿ, ನೀರಿನ ಲೆಕ್ಕ ಅಂತರ್ಜಲ ಇಲಾಖೆಯಲ್ಲಿ, ನಿವೇಶನದ ಲೆಕ್ಕ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಬೇರೆಬೇರೆಯಾಗಿ ಇರುವ ತನಕ ಈ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಈ ಸೀಮೆಯ ಸಂಶೋಧನೆ ಎಕರೆಯ ಎಣಿಕೆಯಿಂದಲ್ಲ, ಬಂಡೆಯ ಪದರದಿಂದ ಶುರುವಾಗಬೇಕು ಎನ್ನುವುದಕ್ಕೆ ಇದೇ ಕಾರಣ.

ನೌಬಾದದ ಕರೇಜ್

ಅಹ್ಮದ್ ಷಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದು ಹದಿನೈದನೆಯ ಶತಮಾನದ ಮೂರನೆಯ ದಶಕದ ಸುಮಾರಿಗೆ. ನದಿ ದೂರ, ನೆಲ ಗಟ್ಟಿ, ಒಮ್ಮೆಲೇ ಬೆಳೆಯುವ ಊರು. ಇರಾನಿನಿಂದ ಬಂದ ವಿದ್ವಾಂಸರು, ಕುಶಲಕರ್ಮಿಗಳು ಆಗ ದಖನ್ನಿನಲ್ಲಿ ನೆಲೆಸುತ್ತಿದ್ದರು; ಅವರ ನಾಡಿನ ಕರೇಜ್ ವಿದ್ಯೆ ಹೀಗೆ ಇಲ್ಲಿಗೆ ಬಂತು. ಎತ್ತರದ ನೆಲದಲ್ಲಿ ಒಂದು ತಾಯಿಬಾವಿ ತೋಡಿ, ಅಲ್ಲಿ ಸಿಕ್ಕ ಅಂತರ್ಜಲವನ್ನು ತೀರ ಕಡಿಮೆ ಇಳಿಜಾರಿನ ಸುರಂಗದಲ್ಲಿ ಹರಿಸಿ ಬೇಕಾದಲ್ಲಿ ಹೊರತೆಗೆಯುವುದು. ದಾರಿಯುದ್ದಕ್ಕೂ ಗಾಳಿಗೂ ಹೂಳು ತೆಗೆಯುವುದಕ್ಕೂ ಬಾವಿಯಂಥ ಗಿಂಡಿಗಳನ್ನು ಬಿಡುವುದು ಇದರ ಕ್ರಮ. ನೀರನ್ನು ಮೇಲೆತ್ತಲು ಎತ್ತೂ ಬೇಡ, ಕಪಿಲೆಯೂ ಬೇಡ. ಬೀದರಿನಲ್ಲಿ ಇಂಥ ಮೂರು ವ್ಯವಸ್ಥೆಗಳು ಗುರುತಿಗೆ ಸಿಕ್ಕಿವೆ: ನೌಬಾದ, ಶುಕ್ಲತೀರ್ಥ ಮತ್ತು ಊರೊಳಗಿನ ಜಮ್ನಾ ಮೋರಿ. ಅವುಗಳಲ್ಲಿ ನೌಬಾದದ್ದು ಎರಡು ಕಿಲೋಮೀಟರಿಗೂ ಉದ್ದ; ಇಪ್ಪತ್ತಕ್ಕೂ ಹೆಚ್ಚು ಗಿಂಡಿಗಳ ಸಾಲು ಅದರ ದಾರಿಯನ್ನು ಮೇಲಿನಿಂದ ತೋರಿಸುತ್ತದೆ.

2012ರ ಸುಮಾರಿಗೆ ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಇಲ್ಲಿ ನಕ್ಷೆ ಮಾಡುವ ಕೆಲಸ ಕೈಗೆತ್ತಿಕೊಂಡರು. ಸುರಂಗ ಹಾದುಹೋಗುವ ದಾರಿಗೂ ನೆಲದಡಿಯ ಬಿರುಕುಗಳ ರೇಖೆಗೂ ಇರುವ ಸಂಬಂಧವನ್ನು ಅವರ ಕೆಲಸ ಮುಂದಿಟ್ಟಿತು. ಐನೂರು ವರ್ಷಗಳ ಹಿಂದೆ ಯಾವ ಯಂತ್ರವೂ ಇಲ್ಲದೆ ಬಂಡೆಯ ಓಟವನ್ನು ಗುರುತಿಸಿ ಅಗೆದವರ ತಿಳಿವಳಿಕೆ ನಿಜಕ್ಕೂ ಬೆರಗಿನದು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯ ಕಾವಲು ಪಟ್ಟಿಯಲ್ಲಿ ಬೀದರ್ ನಗರದ ಹೆಸರು ಬಂತು. ಮುಂದೆ 2015-16ರ ಬರದ ದಿನಗಳಲ್ಲಿ, ಅನುರಾಗ್ ತಿವಾರಿ ಜಿಲ್ಲಾಧಿಕಾರಿಯಾಗಿದ್ದಾಗ, ಕೆರೆಗಳ ಹೂಳು ತೆಗೆಸುವ, ಹಳೆಯ ತೆರೆದ ಬಾವಿಗಳನ್ನು ಚೊಕ್ಕ ಮಾಡಿಸುವ ಕೆಲಸದ ಜೊತೆ ಕರೇಜಿನ ಹೂಳಿಗೂ ಕೈ ಹಚ್ಚಲಾಯಿತು. ಮಣ್ಣು ತೆಗೆದಲ್ಲಿ ನೀರು ಕಾಣಿಸಿಕೊಂಡಿತು.

ನಗರ ಬೆಳವಣಿಗೆಯನ್ನು ಅಧ್ಯಯನ ಮಾಡುವವರಿಗೆ ಕರೇಜ್ ಕೇವಲ ಪಾರಂಪರಿಕ ಕಟ್ಟಡವಲ್ಲ, ನೆಲದಡಿಗೆ ಇಳಿಬಿಟ್ಟ ಅಳತೆಗೋಲು. ಗಿಂಡಿಯಲ್ಲಿ ನೀರಿನ ಮಟ್ಟ ಎಷ್ಟಿದೆ, ಮಿರಗದ ಮಳೆಯಾದ ಎಷ್ಟು ದಿನಕ್ಕೆ ಏರುತ್ತದೆ, ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ತಿಂಗಳಿಗೊಮ್ಮೆ ಬರೆದಿಟ್ಟರೆ ಮೇಲಿನ ಊರು ಕೆಳಗೆ ಏನು ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎನ್ನುವುದು ಭಾರತೀಯ ಮಾನಕ. ಪಾಯಖಾನೆ ಗುಂಡಿಗಳು, ತೆರೆದ ಮೋರಿಗಳು, ಗೊಬ್ಬರ ಹಾಕಿದ ಹೊಲಗಳು ಮೂರೂ ನೈಟ್ರೇಟನ್ನು ಕೆಳಗಿಳಿಸುತ್ತವೆ. ತೂತಿನ ಬಂಡೆಯಲ್ಲಿ ಮಳೆ ಎಷ್ಟು ಸಲೀಸಾಗಿ ಇಳಿಯುತ್ತದೋ ಹೊಲಸೂ ಅಷ್ಟೇ ಸಲೀಸಾಗಿ ಇಳಿಯುತ್ತದೆ. ಕಟ್ಟಡ, ರಸ್ತೆ ಎದ್ದ ಕಡೆ ಕೆಲವು ಗಿಂಡಿಗಳು ಮುಚ್ಚಿಹೋಗಿವೆ. ಒಂದು ಗಿಂಡಿ ಮುಚ್ಚಿದರೆ ಅಲ್ಲಿ ಹೂಳು ತೆಗೆಯುವ ದಾರಿ ಹೋಯಿತು; ಹೂಳು ಕೂತರೆ ಮೇಲಿನ ನೀರು ತಡೆದು ನಿಲ್ಲುತ್ತದೆ. ಸುರಂಗದ ಒಂದು ತುದಿಯನ್ನು ಮಾತ್ರ ಸ್ಮಾರಕವೆಂದು ಬೇಲಿ ಹಾಕಿ ಉಳಿಸಿದರೆ ಪ್ರಯೋಜನವಿಲ್ಲ ಎನ್ನುವುದು ಇದರಿಂದಲೇ ಸ್ಪಷ್ಟ. ಅದಕ್ಕೆ ನೀರು ಕೊಡುವ ನೆಲವೂ ಉಳಿಯಬೇಕು.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಅಡಿಕೆ ತೋಟಕ್ಕೆ ನೀರು ಕೊಡುವ ಸುರಂಗಗಳೂ ಜಂಬಿಟ್ಟಿಗೆಯಲ್ಲೇ ಕೊರೆದವು. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು. ಇಲ್ಲಿ ಊರಿಗೆಲ್ಲ ಒಂದು. ಆ ಕಡೆ ಒಡೆಯನಿದ್ದಾನೆ, ಅವನು ಹೂಳು ತೆಗೆಸುತ್ತಾನೆ. ನೌಬಾದದ ಸುರಂಗ ಎಲ್ಲರದೂ ಆಗಿರುವುದರಿಂದ ಅದರ ಮೇಲಿನ ಸರ್ವೇ ನಂಬರುಗಳ ಒಡೆಯರಾರಿಗೂ ಅದರ ಹೊಣೆ ಇಲ್ಲ.

ಊರು ಹಬ್ಬಿದ ಬಗೆ

ಕೋಟೆ, ಚೌಬಾರಾ, 1472ರಲ್ಲಿ ಮಹಮೂದ್ ಗವಾನ ಕಟ್ಟಿಸಿದ ಮದರಸಾ ಇರುವ ಹಳೆಯ ಊರು ಗೋಡೆಯೊಳಗೇ ಬಹುಕಾಲ ಇತ್ತು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸರ್ಕಾರಿ ಕಚೇರಿಗಳು, ಕಾಲೇಜುಗಳು ಗೋಡೆಯಾಚೆ ಬೆಳೆದವು. ನೌಬಾದ ಮತ್ತು ಕೊಳಾರ ಕಡೆ ಕೈಗಾರಿಕಾ ಪ್ರದೇಶಗಳು ಬಂದವು. ನೌಬಾದದ ಆಟೊ ನಗರಕ್ಕೆ ಲಾರಿ, ಟ್ರ್ಯಾಕ್ಟರ್ ರಿಪೇರಿಯವರು ಸೇರಿಕೊಂಡರು. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2004ರಲ್ಲಿ ಆರಂಭವಾಯಿತು. ಬೀದರ್-ಕಲಬುರಗಿ ರೈಲು 2017ರ ಅಕ್ಟೋಬರಿನಲ್ಲಿ ಓಡಿತು, ನಾಗರಿಕ ವಿಮಾನ 2020ರ ಫೆಬ್ರುವರಿಯಲ್ಲಿ ಇಳಿಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ ಊರನ್ನು ಹಿಗ್ಗಿಸಿದ್ದು ಶಿಕ್ಷಣ. ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ಹೊರ ರಾಜ್ಯಗಳಿಂದಲೂ ಮಕ್ಕಳು ಬೀದರಿಗೆ ಬರುತ್ತಾರೆ. ಔರಾದ, ಭಾಲ್ಕಿ ಕಡೆಯ ರೈತ ಕುಟುಂಬಗಳು ಮಕ್ಕಳ ಓದಿಗಾಗಿ ನಗರದಲ್ಲಿ ಮನೆ ಮಾಡುತ್ತವೆ ಅಥವಾ ಪ್ಲಾಟ್ ಹಿಡಿಯುತ್ತವೆ.

2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಎರಡು ಲಕ್ಷ ದಾಟಿತ್ತು. ಹತ್ತು ವರ್ಷ ಹಿಂದೆ ಪೌಣೆ ಎರಡು ಲಕ್ಷದ ಆಸುಪಾಸಿನಲ್ಲಿತ್ತು. ಜಿಲ್ಲೆಯ 17,03,300 ಜನರಲ್ಲಿ ನಾಲ್ವರಿಗೊಬ್ಬರು ಪಟ್ಟಣದವರು. 2021ರ ಗಣತಿ ನಡೆಯಲೇ ಇಲ್ಲ. ಆದ್ದರಿಂದ ಈ ನಡುವಿನ ಬೆಳವಣಿಗೆಯನ್ನು ಹಿಡಿಯಲು ಸಂಶೋಧಕರು ಉಪಗ್ರಹ ಚಿತ್ರಗಳನ್ನೇ ನೆಚ್ಚಬೇಕು. ಜನಗಣತಿಯ ವ್ಯಾಖ್ಯೆಯಲ್ಲಿ ಪಟ್ಟಣವೆನಿಸಬೇಕಾದರೆ ಕನಿಷ್ಠ 5,000 ಜನ, ಚ.ಕಿ.ಮೀ.ಗೆ 400 ಜನ, ಮತ್ತು ದುಡಿಯುವ ಗಂಡಸರಲ್ಲಿ ಮುಕ್ಕಾಲುಪಾಲು ಕೃಷಿಯೇತರ ಕೆಲಸದಲ್ಲಿರಬೇಕು. ಹೆಂಗಸರ ದುಡಿಮೆ ಈ ಅಳತೆಗೆ ಬರುವುದೇ ಇಲ್ಲ. ಗಂಡ ಆಟೊ ನಗರದಲ್ಲಿ, ಹೆಂಡತಿ ತೊಗರಿ ಹೊಲದ ಕಳೆಯಲ್ಲಿ ಇರುವ ಮನೆ ನೌಬಾದದ ಅಂಚಿನಲ್ಲಿ ಸಾಮಾನ್ಯ. ಆ ಮನೆ ಊರಿನದೋ ಹಳ್ಳಿಯದೋ ಎಂದು ಜನಗಣತಿ ಒಂದೇ ಉತ್ತರ ಕೇಳುತ್ತದೆ.

ಉಪಗ್ರಹ ಚಿತ್ರದಲ್ಲೂ ಈ ನೆಲಕ್ಕೆ ವಿಶೇಷ ಎಚ್ಚರ ಬೇಕು. 1972ರ ಲ್ಯಾಂಡ್‌ಸ್ಯಾಟಿನಿಂದ ಇಂದಿನ ಹತ್ತು ಮೀಟರ್ ಸೂಕ್ಷ್ಮತೆಯ ಸೆಂಟಿನೆಲ್ ಚಿತ್ರಗಳವರೆಗೆ ಐವತ್ತು ವರ್ಷದ ದಾಖಲೆ ಉಚಿತವಾಗಿ ಸಿಗುತ್ತದೆ. ಆದರೆ ಬೇಸಿಗೆಯಲ್ಲಿ ಹರಗಿ ಬಿಟ್ಟ ಕೆಂಪು ಹೊಲ, ಬೋಳು ಜಂಬಿಟ್ಟಿಗೆ, ಕಲ್ಲು ತೆಗೆದ ಗಣಿ, ಹೊಸ ಲೇಔಟಿನ ಮೊರಂ ರಸ್ತೆ ಎಲ್ಲವೂ ಚಿತ್ರದಲ್ಲಿ ಕಟ್ಟಡದಂತೆಯೇ ಹೊಳೆಯುತ್ತವೆ. ಏಪ್ರಿಲ್ ತಿಂಗಳ ಚಿತ್ರ ತೆಗೆದುಕೊಂಡವರು ಬೀದರ್ ಇದ್ದದ್ದಕ್ಕಿಂತ ಹೆಚ್ಚು ಹಬ್ಬಿದೆ ಎಂದು ಬರೆದುಬಿಡುವ ಅಪಾಯ ಇದೆ. ಬೆಳೆ ನಿಂತಿರುವ ಅಕ್ಟೋಬರ್-ಜನವರಿಯ ಚಿತ್ರಗಳನ್ನು, ವರ್ಷ ಬದಲಾದರೂ ಅದೇ ತಿಂಗಳಿನದನ್ನು, ಹೋಲಿಸಿ ನೋಡಬೇಕು; ಆಮೇಲೆ ಕಾಲ್ನಡಿಗೆಯಲ್ಲಿ ಹೋಗಿ ಪರೀಕ್ಷಿಸಬೇಕು.

ಹೊಲ ಪ್ಲಾಟ್ ಆಗುವ ದಾರಿ

ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ಬದಲಿಸಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಡಿ ಅನುಮತಿ ಬೇಕು. ಜನರ ಬಾಯಲ್ಲಿ ಇದು ‘ಎನ್‌ಎ ಮಾಡಿಸುವುದು’. ಎನ್‌ಎ ಆದ ದಿನ ಕಾಗದದಲ್ಲಿ ಹೊಲ ಸಾಯುತ್ತದೆ; ನೆಲದ ಮೇಲೆ ಅದು ಸಾಯುವುದು ಕೆಲವೊಮ್ಮೆ ಅದಕ್ಕೂ ಎಷ್ಟೋ ವರ್ಷ ಮೊದಲು, ಕೆಲವೊಮ್ಮೆ ಎಷ್ಟೋ ವರ್ಷ ಆಮೇಲೆ. ಅನುಮತಿಯಿಲ್ಲದೆ ಗುಂಟೆ ಲೆಕ್ಕದಲ್ಲಿ ಮಾರಿದ ಪ್ಲಾಟುಗಳು ಪಹಣಿಯಲ್ಲಿ ಇನ್ನೂ ಬೇಸಾಯದ ಭೂಮಿಯಾಗಿಯೇ ಇರುತ್ತವೆ. ಕಲ್ಲು ನೆಟ್ಟು, ರಸ್ತೆ ಗೀಚಿ, ಯಾರೂ ಮನೆ ಕಟ್ಟದೆ ಬಿಟ್ಟ ಲೇಔಟಿನಲ್ಲಿ ಬಿತ್ತನೆಯೂ ಇಲ್ಲ, ವಾಸವೂ ಇಲ್ಲ.

ಜರ್ಮನಿಯ ಫಾನ್ ಟ್ಯೂನೆನ್ 1826ರಲ್ಲಿ ಹೇಳಿದ ಸಿದ್ಧಾಂತದ ಪ್ರಕಾರ ಊರಿಗೆ ಹತ್ತಿರ ಇದ್ದಷ್ಟೂ ಬೇಸಾಯ ಹೆಚ್ಚು ತೀವ್ರವಾಗಬೇಕು: ತರಕಾರಿ, ಹಾಲು ಅಲ್ಲಿ. 1967ರಲ್ಲಿ ರಾಬರ್ಟ್ ಸಿಂಕ್ಲೇರ್ ಇದನ್ನು ತಿರುವಿಹಾಕಿದರು. ಬೆಳೆಯುವ ನಗರದ ಪಕ್ಕದ ರೈತನಿಗೆ ನಾಳೆ ಮಾರುವ ಭೂಮಿಗೆ ಇವತ್ತು ಗೊಬ್ಬರ ಹಾಕುವ ಮನಸ್ಸು ಬರುವುದಿಲ್ಲ, ಹಾಗಾಗಿ ಊರ ಹತ್ತಿರದ ಹೊಲವೇ ಹೆಚ್ಚು ಬೀಳುಬೀಳುತ್ತದೆ ಎಂದರು. ನೌಬಾದದಿಂದ ಭಾಲ್ಕಿ ಕಡೆಗೆ ಹೋಗುವ ದಾರಿಯಲ್ಲಿ ಎರಡೂ ಮಾತಿಗೆ ಸಾಕ್ಷಿ ಸಿಗುತ್ತದೆ. ಬಾವಿಯಿದ್ದ ತುಂಡು ಹೊಲದಲ್ಲಿ ಮೆಂತೆ, ಪಾಲಕ್, ಕೊತ್ತಂಬರಿ; ಪಕ್ಕದಲ್ಲೇ ಕಲ್ಲು ನೆಟ್ಟ ಬೀಳು. ಸಿಂಕ್ಲೇರ್ ಹೇಳಿದ್ದು ಇಲ್ಲಿ ಹೆಚ್ಚು ನಿಜ ಎನಿಸುತ್ತದೆ. ಆದರೆ ಅದು ರೈತನ ಸೋಮಾರಿತನವಲ್ಲ, ದರದ ಒತ್ತಡ. 2020ರಲ್ಲಿ ಭೂಸುಧಾರಣಾ ಅಧಿನಿಯಮಕ್ಕೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದ ಮೇಲೆ ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಇದರ ಪರಿಣಾಮವನ್ನು ತಿಳಿಯಲು ನೋಂದಣಿ ಕಚೇರಿಯ ಕ್ರಯಪತ್ರಗಳನ್ನು ಸರ್ವೇ ನಂಬರುವಾರು ಉಪಗ್ರಹ ಚಿತ್ರದ ಮೇಲೆ ಹೊಂದಿಸಬೇಕು.

ಹಿಂದಿನ ಕಾಲಕ್ಕೆ ಹೋಗಬೇಕಾದರೆ ಇನ್ನೊಂದು ತೊಡಕಿದೆ. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. 1950ರ ಹೈದರಾಬಾದ್ ಗೇಣಿ ಕಾಯ್ದೆ, ಆನಂತರದ ಖಾಸ್ರಾ ಪಹಣಿ ನೋಡದೆ ಯಾವ ಹೊಲ ಯಾರದು, ಯಾರು ಉಳುತ್ತಿದ್ದರು ಎಂದು ಹೇಳಲಾಗದು. ಉರ್ದು ಓದಬಲ್ಲ, ಕನ್ನಡದಲ್ಲಿ ಬರೆಯಬಲ್ಲ, ಮರಾಠಿ ಮತ್ತು ಲಂಬಾಣಿ ಮಾತು ಕೇಳಿ ತಿಳಿಯಬಲ್ಲ ಸ್ಥಳೀಯ ಸಂಶೋಧಕರು ಈ ಕೆಲಸಕ್ಕೆ ಯಾವ ಉಪಗ್ರಹಕ್ಕಿಂತಲೂ ಮುಖ್ಯ.

ನೀರಿನ ಲೆಕ್ಕ

ನೌಬಾದ ಕಡೆಯ ಒಂದು ಎಕರೆಯ ಮೇಲೆ ವರ್ಷದ ಲೆಕ್ಕ ಹಾಕಿ ನೋಡಬಹುದು. ಬೀದರಿನಲ್ಲಿ ವರ್ಷಕ್ಕೆ ಸುಮಾರು 850 ಮಿ.ಮೀ. ಮಳೆ. ಒಂದು ಎಕರೆ ಎಂದರೆ 4,047 ಚದರ ಮೀಟರ್; ಅದರ ಮೇಲೆ ಬೀಳುವ ನೀರು ಸುಮಾರು 34 ಲಕ್ಷ ಲೀಟರ್. ಅಂತರ್ಜಲ ಅಂದಾಜಿಗೆ ದೇಶದಲ್ಲಿ ಬಳಸುವ ಮಾನದಂಡದ ಪ್ರಕಾರ ಜಂಬಿಟ್ಟಿಗೆ ನೆಲದಲ್ಲಿ ಮಳೆಯ ಶೇ. 7ರಷ್ಟು ಅಂತರ್ಜಲವಾಗುತ್ತದೆ: ಸುಮಾರು 2.4 ಲಕ್ಷ ಲೀಟರ್. ಇದು ಆ ಎಕರೆ ನೆಲದಡಿಗೆ ಕೊಡುವ ಕೊಡುಗೆ.

ಅದೇ ಎಕರೆ ಲೇಔಟ್ ಆಯಿತು ಎನ್ನೋಣ. ರಸ್ತೆ, ಉದ್ಯಾನ ಬಿಟ್ಟು 24,000 ಚದರಡಿ ಉಳಿದರೆ ಮೂವತ್ತು-ನಲವತ್ತರ 20 ಪ್ಲಾಟುಗಳು. ಮನೆಗೆ ಐವರಂತೆ 100 ಜನ. ನಗರಕ್ಕೆ ನಿಗದಿಯಾದ ತಲಾ 135 ಲೀಟರ್ ಲೆಕ್ಕದಲ್ಲಿ ದಿನಕ್ಕೆ 13,500 ಲೀಟರ್, ವರ್ಷಕ್ಕೆ 49 ಲಕ್ಷ ಲೀಟರ್. ಆ ನೆಲದ ಮೇಲೆ ಬೀಳುವ ಒಟ್ಟು ಮಳೆಗಿಂತ ಹೆಚ್ಚು, ಒಳಗಿಳಿಯುವ ನೀರಿನ ಇಪ್ಪತ್ತು ಪಟ್ಟು. ಬಳಸಿದ್ದರಲ್ಲಿ ಶೇ. 80ರಷ್ಟು ಕೊಳಚೆಯಾಗುತ್ತದೆ ಎಂಬ ಇಂಜಿನಿಯರಿಂಗ್ ಲೆಕ್ಕ ಹಿಡಿದರೆ 39 ಲಕ್ಷ ಲೀಟರ್ ಹೊಲಸು ನೀರು ಅಲ್ಲಿಂದ ಹೊರಡಬೇಕು. ಒಳಚರಂಡಿ ಇಲ್ಲದ ಲೇಔಟಿನಲ್ಲಿ ಅದು ಹೊರಡುವುದು ಗುಂಡಿಯ ಮೂಲಕ, ಅಂದರೆ ಅದೇ ತೂತಿನ ಬಂಡೆಯೊಳಗೆ. ಮನೆ ಹಳ್ಳಿಯಲ್ಲಿದ್ದಿದ್ದರೆ ಜಲಜೀವನ ಮಿಷನ್ ಲೆಕ್ಕದಲ್ಲಿ ತಲಾ 55 ಲೀಟರ್ ಮಾತ್ರ ಸಿಗುತ್ತಿತ್ತು ಎಂಬುದನ್ನೂ ಗಮನಿಸಬೇಕು. ನಗರದ ಗಡಿ ಒಂದು ಬೇಲಿ ಮುಂದೆ ಸರಿದರೆ ಆ ಮನೆಯ ನೀರಿನ ಹಕ್ಕು ಎರಡೂವರೆ ಪಟ್ಟಾಗುತ್ತದೆ, ಬೇಲಿಯಾಚೆಯ ಮನೆಯದು ಇದ್ದಲ್ಲೇ ಇರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ ಕಬ್ಬಿಗೆ ಬೆಳೆಗಾಲದಲ್ಲಿ 1,500ರಿಂದ 2,500 ಮಿ.ಮೀ. ನೀರು ಬೇಕು: ಎಕರೆಗೆ 60 ಲಕ್ಷದಿಂದ ಒಂದು ಕೋಟಿ ಲೀಟರ್. ಅಂದರೆ ಲೇಔಟಿಗಿಂತ ಕಬ್ಬಿನ ಗದ್ದೆಯೇ ಹೆಚ್ಚು ನೀರು ಕುಡಿಯುತ್ತದೆ. ಜೋಳಕ್ಕೆ ಬೇಕಾದದ್ದು 450ರಿಂದ 650 ಮಿ.ಮೀ.; ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಹಿಂಗಾರಿ ಜೋಳ, ಕಡಲೆ ಬೆಳೆದು ರಾಶಿಯಾಗುತ್ತವೆ. ಹೀಗಾಗಿ ‘ನಗರ ಬೆಳೆದರೆ ನೀರಿನ ಬಳಕೆ ಹೆಚ್ಚುತ್ತದೆ’ ಎಂಬ ಮಾತು ಎಲ್ಲ ಕಡೆಗೂ ಒಪ್ಪುವುದಿಲ್ಲ. ಮೊದಲು ಆ ನೆಲದಲ್ಲಿ ಏನು ಬೆಳೆಯುತ್ತಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ. ನೌಬಾದದ ಪ್ರಸ್ಥಭೂಮಿಯ ತೆಳುವಾದ ಕೆಂಪು ಹೊಲಗಳಲ್ಲಿ ಉದ್ದು, ಹೆಸರು, ತೊಗರಿ, ಸೋಯಾ ಮಳೆಯನ್ನೇ ನಂಬಿದ್ದವು. ಅಲ್ಲಿ ಪ್ರತಿ ಲೇಔಟೂ ಹೊರಗಿನ ನೀರಿನ ಮೇಲೆ ಹೊಸ ಭಾರ.

ಆ ಹೊರಗಿನ ನೀರು ಬರುವುದು ಮಾಂಜ್ರಾ ಮತ್ತು ಅದರ ಉಪನದಿ ಕಾರಂಜಾದಿಂದ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ. ಸುಮಾರು 29 ಸಾವಿರ ಹೆಕ್ಟೇರ್ ನೀರಾವರಿಗೆಂದು ಕಟ್ಟಿದ ಈ ಅಣೆಯಿಂದಲೇ ಬೀದರ್ ನಗರಕ್ಕೆ ಕುಡಿಯುವ ನೀರು ಹೋಗುತ್ತದೆ. ಬರ ಬಂದಾಗ ಮೊದಲ ಪಾಲು ಕುಡಿಯುವ ನೀರಿಗೆ, ಕಾಲುವೆ ಆಮೇಲೆ. ಇದು ನ್ಯಾಯವೇ, ಆದರೆ ನಗರ ಬೆಳೆದಂತೆ ಕಾಲುವೆಯ ಕೊನೆಯ ರೈತನ ಸರದಿ ಹಿಂದೆ ಹಿಂದೆ ಸರಿಯುತ್ತದೆ ಎಂಬುದನ್ನೂ ಎಣಿಸಬೇಕು. ಮಾಂಜ್ರಾ ಕೊಳ್ಳದಲ್ಲಿ ಬೀದರ್ ನಡುವಿನ ಪಾಲುದಾರ ಮಾತ್ರ. ಮೇಲ್ಗಡೆ ಇದೇ ನದಿಯ ಅಣೆಕಟ್ಟನ್ನು ನಂಬಿದ್ದ ಲಾತೂರಿಗೆ 2016ರ ಏಪ್ರಿಲಿನಲ್ಲಿ ಮೀರಜಿನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಕೆಳಗಡೆ ಸಿಂಗೂರು ಜಲಾಶಯದ ನೀರು ಹೈದರಾಬಾದ್ ಮಹಾನಗರಕ್ಕೆ ಹರಿಯಿತು. ಮೂರು ರಾಜ್ಯಗಳ ಮೂರು ನಗರಗಳು ಒಂದೇ ನದಿಯ ಮೇಲೆ ಕೈಯಿಟ್ಟಿರುವ ಈ ಕೊಳ್ಳವನ್ನು ಒಂದೇ ಘಟಕವಾಗಿ ನೋಡುವ ಅಧ್ಯಯನವೇ ನಿಜವಾಗಿ ಬೇಕಾದದ್ದು.

ಭಾಲ್ಕಿ ಮತ್ತು ಔರಾದ

ಭಾಲ್ಕಿ ಕಪ್ಪು ಮಣ್ಣಿನ ಸೀಮೆ. ವಿಕಾರಾಬಾದ್-ಲಾತೂರು ರೋಡ್ ರೈಲು ಮಾರ್ಗ ಅದನ್ನು ಬಹುಕಾಲದಿಂದ ಮಾರುಕಟ್ಟೆಗೆ ಜೋಡಿಸಿದೆ. ಹುಣಜಿಯ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬನ್ನು ಹಬ್ಬಿಸಿತು. ಇಲ್ಲಿನ ಹೊಲ ನುಂಗುವ ನಗರ ಚಿಕ್ಕದು, ನೀರು ನುಂಗುವ ಬೆಳೆ ದೊಡ್ಡದು. ಪ್ರಸ್ಥಭೂಮಿಯ ನೌಬಾದದ ಜೊತೆ ಹೋಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಔರಾದ ಮಾಂಜ್ರಾದಾಚೆಯ ತಾಲ್ಲೂಕು, ಮಹಾರಾಷ್ಟ್ರ ಮತ್ತು ತೆಲಂಗಾಣ ಎರಡಕ್ಕೂ ಅಂಟಿಕೊಂಡಿದೆ. ಕಮಲನಗರ ಇದರಿಂದಲೇ ಒಡೆದು ಬೇರೆ ತಾಲ್ಲೂಕಾಯಿತು. ಇಲ್ಲಿ ನಗರದ ಪರಿಣಾಮ ಕಾಣುವುದು ಮನೆಗಳು ಏಳುವುದರಲ್ಲಲ್ಲ, ಮನೆಗಳಿಗೆ ಬೀಗ ಬೀಳುವುದರಲ್ಲಿ. ತಾಂಡಾಗಳಿಂದ, ಹಳ್ಳಿಗಳಿಂದ ಜನ ಹೈದರಾಬಾದ್, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ, ಸುಗ್ಗಿಯಲ್ಲಿ ಕಬ್ಬು ಕಡಿಯಲು ಹೋಗುತ್ತಾರೆ. ದೂರದ ಮಹಾನಗರ ಬೆಳೆದರೆ ಇಲ್ಲಿನ ಹೊಲಕ್ಕೆ ಆಳು ಸಿಗುವುದಿಲ್ಲ. ಹೆಸರು ಬಿಡಿಸಲು ಜನವಿಲ್ಲದಾಗ ಯಂತ್ರದಲ್ಲಿ ಕೊಯ್ಯಬಹುದಾದ ಸೋಯಾ ಬರುತ್ತದೆ. ದೇವಣಿ ತಳಿಯ ಎತ್ತುಗಳ ಸೀಮೆಯಿದು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದದ್ದರಲ್ಲಿ ಗೋಮಾಳ ಕರಗಿದ್ದರ ಪಾಲೆಷ್ಟು, ಮನೆಯ ಗಂಡಸರು ಊರು ಬಿಟ್ಟದ್ದರ ಪಾಲೆಷ್ಟು ಎಂಬುದು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಬಾಗಿಲಲ್ಲೇ ಇರುವ ಸಂಶೋಧನಾ ವಿಷಯ.

ಬೆಂಗಳೂರಿನ ಅನುಭವ

ವಿಧಾನದ ಮಟ್ಟಿಗೆ ಬೆಂಗಳೂರಿನಿಂದ ಕಲಿಯುವುದು ಸಾಕಷ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 1973ರಿಂದೀಚಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ಕಾಂಕ್ರೀಟು ಹೇಗೆ ಹಸಿರನ್ನೂ ಕೆರೆಯನ್ನೂ ನುಂಗಿತು ಎಂದು ತೋರಿಸಿತು. 2016ರಿಂದ ಜರ್ಮನಿಯ ಕಾಸೆಲ್, ಗ್ಯೋಟಿಂಗೆನ್ ವಿಶ್ವವಿದ್ಯಾಲಯಗಳು ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ನಗರದಿಂದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಪಟ್ಟಿ ಎಳೆದು, ಪಟ್ಟಿಯುದ್ದಕ್ಕೂ ಮಣ್ಣು, ಬೆಳೆ, ದನ, ಮನೆತನ ಎಲ್ಲವನ್ನೂ ಒಟ್ಟಿಗೆ ಅಧ್ಯಯನ ಮಾಡಿದವು. ನೌಬಾದದಿಂದ ಭಾಲ್ಕಿಗೆ ಒಂದು, ಜನವಾಡದ ಮೇಲೆ ಔರಾದಕ್ಕೆ ಇನ್ನೊಂದು ಪಟ್ಟಿ ಎಳೆದರೆ ಕೆಂಪು ಮಣ್ಣು, ಕಪ್ಪು ಮಣ್ಣು, ನದಿ, ಗಡಿ ಎಲ್ಲವೂ ಸಿಗುತ್ತವೆ.

ಅತಿ ಮುಖ್ಯವಾದ ಪಾಠ ಅರ್ಕಾವತಿ ನದಿಯದು. ಅದಕ್ಕೆ ಅಡ್ಡಲಾಗಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಬರುವುದು ಯಾಕೆ ನಿಂತಿತು ಎಂದು ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತಿತರರು ಹುಡುಕಿದರು. ಒಂದೇ ಕಾರಣಕ್ಕೆ ಕೈತೋರಿಸದೆ ಮಳೆ ಕಡಿಮೆಯಾಯಿತೇ, ಬಿಸಿಲು ಹೆಚ್ಚಿತೇ, ಕೊಳವೆಬಾವಿಯೇ, ನೀಲಗಿರಿ ತೋಪೇ, ಚೆಕ್‌ಡ್ಯಾಮುಗಳೇ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರು. ಮಳೆಗಿಂತ ಅಂತರ್ಜಲದ ಎತ್ತುವಳಿ ಮತ್ತು ನೀಲಗಿರಿಯೇ ಮುಖ್ಯ ಎಂದು 2015ರ ಅವರ ಪ್ರಬಂಧ ತೋರಿಸಿತು. ನೌಬಾದದ ಗಿಂಡಿಯಲ್ಲಿ ನೀರಿಳಿದರೆ ಲೇಔಟಿನ ಮೇಲೆ, ಇಲ್ಲವೆ ಮಳೆಯ ಮೇಲೆ ದೂರು ಹೊರಿಸುವುದು ಸುಲಭ. ಮುಚ್ಚಿದ ನೆಲವೇ, ಪಕ್ಕದ ಕೊಳವೆಬಾವಿಯೇ, ಕುಸಿದ ಸುರಂಗವೇ, ಹೂಳೇ ಎಂದು ಬೇರ್ಪಡಿಸಿ ನೋಡಿದಾಗ ಮಾತ್ರ ಏನು ಮಾಡಬೇಕೆಂಬುದು ತಿಳಿಯುತ್ತದೆ. ಮೊದಲನೆಯದಕ್ಕೆ ಕಾನೂನು ಬೇಕು, ಕೊನೆಯದಕ್ಕೆ ಬುಟ್ಟಿ ಸಲಿಕೆ ಸಾಕು.

ಜನ

ಹೊಲ ಮಾರಿದವನ ಕೈಗೆ ಹಣ ಬರುತ್ತದೆ. ಅದೇ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು, ಕಳೆಗೆ ಹೋಗುತ್ತಿದ್ದ ಹೆಂಗಸರು, ಕೊಯ್ಲಾದ ಮೇಲೆ ಕುರಿ ಮೇಯಿಸುತ್ತಿದ್ದವರು, ಬದುವಿನ ಹುಲ್ಲಿಗೆ ಬರುತ್ತಿದ್ದವರು ಯಾವ ಕ್ರಯಪತ್ರದಲ್ಲೂ ಇಲ್ಲ. ಬಾಯಿಮಾತಿನ ಗೇಣಿ ಪಹಣಿಯಲ್ಲಿ ದಾಖಲಾಗುವುದಿಲ್ಲ. ಸರ್ಕಾರ ಭೂಮಿ ಸ್ವಾಧೀನ ಮಾಡಿಕೊಂಡರೆ 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಸಾಮಾನ್ಯವಾಗಿ ಕಡ್ಡಾಯ ಮಾಡುತ್ತದೆ. ಆ ಭೂಮಿಯನ್ನು ನಂಬಿ ಬದುಕುತ್ತಿದ್ದ ಕೂಲಿಕಾರರನ್ನೂ ಗೇಣಿದಾರರನ್ನೂ ಸಂತ್ರಸ್ತ ಕುಟುಂಬಗಳೆಂದು ಗುರುತಿಸುತ್ತದೆ. ಒಬ್ಬೊಬ್ಬರಾಗಿ ಮಾರಿ ನೂರು ಎಕರೆ ಲೇಔಟ್ ಆದರೆ ಅಂಥ ಅಧ್ಯಯನವನ್ನು ಯಾರೂ ಕೇಳುವುದಿಲ್ಲ. 1894ರ ಹಳೆಯ ಕಾಯ್ದೆಯ ಕಾಲದಲ್ಲಿ ಕಾರಂಜಾಕ್ಕೆ ಭೂಮಿ ಕೊಟ್ಟವರು ದಶಕಗಳು ಕಳೆದರೂ ನ್ಯಾಯವಾದ ಪರಿಹಾರಕ್ಕಾಗಿ ಬೀದರಿನಲ್ಲಿ ಧರಣಿ ಕೂತರು. ನಗರ ಕುಡಿಯುವ ನೀರಿನ ಅಡಿಯಲ್ಲಿ ಅವರ ಹೊಲಗಳು ಮುಳುಗಿವೆ ಎಂಬುದನ್ನು ನಗರದ ನೀರಿನ ಯಾವ ಅಧ್ಯಯನವೂ ಮರೆಯಕೂಡದು.

ಎಣಿಕೆಗೆ ಸಿಗದ ನಷ್ಟಗಳೂ ಇವೆ. ಬೀದರ್ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹಂಚಿಕೊಂಡು ಉಣ್ಣುತ್ತಾರೆ. ಹೊಲವಿಲ್ಲದ ನಗರದ ಸ್ನೇಹಿತರನ್ನು, ಬೇರೆ ಧರ್ಮದವರನ್ನು ಕರೆದು ಉಣಿಸುವುದೂ ವಾಡಿಕೆ. ಮನೆಮನೆಯ ಸಮೀಕ್ಷೆಯಲ್ಲಿ ‘ಈ ವರ್ಷ ಎಳ್ಳ ಅಮಾವಾಸ್ಯೆಗೆ ಯಾರ ಹೊಲಕ್ಕೆ ಹೋಗಿದ್ದಿರಿ, ಹತ್ತು ವರ್ಷದ ಹಿಂದೆ ಯಾರ ಹೊಲಕ್ಕೆ’ ಎಂಬ ಒಂದು ಪ್ರಶ್ನೆ ಸೇರಿಸಿದರೆ ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ನಂಟು ಉಳಿಯಿತು, ಯಾವುದು ಕಡಿಯಿತು ಎಂಬುದು ಆದಾಯದ ಪ್ರಶ್ನೆಗಿಂತ ನಿಖರವಾಗಿ ಹೊರಬರುತ್ತದೆ. ಆದಾಯ ಕೇಳಿದರೆ ಜನ ಅಳುಕುತ್ತಾರೆ. ಹಬ್ಬ ಕೇಳಿದರೆ ಕೂರಿಸಿ ಹೇಳುತ್ತಾರೆ.

ಇಂಥ ಕೆಲಸಕ್ಕೆ ಬೇಕಾದ ಸಂಸ್ಥೆಗಳು ಜಿಲ್ಲೆಯಲ್ಲೇ ಇವೆ: ಪಶುವೈದ್ಯಕೀಯ ವಿಶ್ವವಿದ್ಯಾಲಯ, ಜನವಾಡದ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಕಾಲೇಜು, ಹಾಲಹಳ್ಳಿಯ ಬೀದರ್ ವಿಶ್ವವಿದ್ಯಾಲಯ. ಮೊದಲು ಮಾಡಬೇಕಾದದ್ದು ಉಳಿದಿರುವ ಗಿಂಡಿಗಳಿಗೂ ನೌಬಾದದ ತೆರೆದ ಬಾವಿಗಳಿಗೂ ಅಂಕಿ ಹಾಕಿ, ಮೇ ತಿಂಗಳ ಕೊನೆಯಲ್ಲಿ, ಮಳೆಗೆ ಮುಂಚೆ, ನೀರಿನ ಮಟ್ಟ ಬರೆದುಕೊಳ್ಳುವುದು. ಮತ್ತೆ ಅಕ್ಟೋಬರಿನಲ್ಲಿ ಅದೇ ಬಾವಿಗೆ ಬಂದು ಅಳೆಯುವುದು. ಹಗ್ಗ, ಟೇಪು, ವಹಿ ಇದ್ದರೆ ಸಾಕು.